ನಂದಲ್ಲ

ನಮ್ಮೂರಲ್ಲಿ ಯಾರ ಪ್ರಾರ್ಥನೆಗೂ ಉತ್ತರ ಕೇಳಿದವರ ಮನೆಗೆ ಬರುವುದಿಲ್ಲ. ಬೇರೆ ಯಾರದೋ ಮನೆಗೆ ಬರುತ್ತದೆ. ಅಕ್ಕಿ ಡಬ್ಬದಲ್ಲಿ, ಕೋಳಿ ಗೂಡಲ್ಲಿ, ಮಡಿಚಿಟ್ಟ ಕಂಬಳಿಯ ನಡುವೆ ಒಂದು ವಸ್ತು ಸಿಗುತ್ತದೆ. ಮನೆಯವರು ತಂದದ್ದಲ್ಲ, ಯಾರೂ ಕೊಟ್ಟದ್ದಲ್ಲ, ನೆಂಟರು ಮರೆತು ಹೋದದ್ದೂ ಅಲ್ಲ. ಅದಕ್ಕೆ ನಾವು ‘ನಂದಲ್ಲ’ ಅಂತೀವಿ. ‘ಬೆಳಿಗ್ಗೆ ಮೊಸರು ಕಡೆಯೋವಾಗ ಒಂದು ನಂದಲ್ಲ ಸಿಕ್ತು ಕಣಕ್ಕ’ ಅಂತ ಹೆಂಗಸರು ಬಾವಿಯ ಹತ್ತಿರ ಮಾತಾಡಿಕೊಳ್ಳುತ್ತಾರೆ. ಹೊಸ ಸೊಸೆ ತವರಿಂದ ತಂದ ಒಂದು ಚಮಚವನ್ನೂ ಅತ್ತೆಗೆ ತೋರಿಸಿಯೇ ಒಳಗಿಡುತ್ತಾಳೆ, ನಾಳೆ ಅದನ್ನು ಕಟ್ಟೆಗೆ ಹೊತ್ತುಕೊಂಡು ಹೋದಾರು ಅಂತ. ನೆಂಟರು ಹೊರಡುವಾಗ ‘ಕೊಡೆ ನಂದು, ಚಪ್ಪಲಿ ನಂದು’ ಅಂತ ಕೂಗಿಯೇ ಹೊಸಿಲು ದಾಟುತ್ತಾರೆ.

ಕಟ್ಟೆ ಅಂದರೆ ಚರ್ಚಿನ ಮುಂದಿನ ಕಲ್ಲುಕಟ್ಟೆ. ಭಾನುವಾರ ಪೂಜೆ ಮುಗಿದ ಮೇಲೆ ವಸ್ತು ಸಿಕ್ಕವರು ಅದರ ಮೇಲೆ ಹತ್ತಿ, ವಸ್ತುವನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು, ಮೂರು ಸಲ ‘ನಂದಲ್ಲ’ ಅಂತ ಕೂಗಬೇಕು. ಯಾರದೋ ಅವರು ‘ನಂದು’ ಅನ್ನಬೇಕು. ಅಲ್ಲಿಗೆ ಮುಗಿದಿದ್ದರೆ ಊರು ಸುಖವಾಗಿರುತ್ತಿತ್ತು. ಮುಗಿಯುವುದಿಲ್ಲ. ಮಕ್ಕಳಿಗೆ ಜ್ಞಾನೋಪದೇಶ ಕಲಿಸುವ ಉಪದೇಶಿ ಇನ್ನಾಸಪ್ಪನವರು ಅಲ್ಲೇ ಕೈಕಟ್ಟಿ ನಿಂತಿರುತ್ತಾರೆ. ‘ನಂದು’ ಅಂದವನನ್ನು ‘ಏನಂತ ಕೇಳಿದ್ದೆ?’ ಅನ್ನುತ್ತಾರೆ. ದೇವರ ಹತ್ತಿರ ಒಬ್ಬನೇ ಮೊಣಕಾಲೂರಿ ಏನು ಕೇಳಿದ್ದೆಯೋ ಅದನ್ನು ಊರ ಮುಂದೆ ಹಾಗೇ ಹೇಳಬೇಕು. ಪೂರ್ತಿ ಹೇಳಬೇಕು. ಅರ್ಧ ನುಂಗಿದರೆ ವಸ್ತು ಹಿಡಿದವರ ಬೆರಳು ಬಿಚ್ಚಿಕೊಳ್ಳುವುದಿಲ್ಲ. ಯಾರೂ ಕೇಳದೆ ಹೋದರೆ ಸಿಕ್ಕವರೇ ಅದನ್ನು ಮನೆಗೆ ಹೊತ್ತು, ಮುಂದಿನ ಭಾನುವಾರ ಮತ್ತೆ ತರಬೇಕು.

ಪರೀಕ್ಷೆ ಪಾಸು ಮಾಡಿಸಪ್ಪಾ ಅಂತ ಕೇಳಿದ್ದ ಪ್ಯಾಟ್ರಿಕ್ಕಿಗೆ ಅಲಾರಂ ಗಡಿಯಾರ ಬಂದಿತ್ತು, ಕ್ಷೌರದ ಅಂಗಡಿಯ ಕುರ್ಚಿಯ ಕೆಳಗೆ. ಹಿಟ್ಟಿನ ಗಿರಣಿ ಸವೇರಪ್ಪ ‘ನನ್ ಹೆಂಡ್ತಿ ಬಾಯಿ ಮುಚ್ಸು ಸ್ವಾಮಿ’ ಅಂತ ಕೇಳಿದ್ದ. ಬಂದದ್ದು ಒಂದು ಜೊತೆ ಹೆಂಗಸರ ಚಪ್ಪಲಿ. ಅದು ತನ್ನದು ಅಂತ ಗೊತ್ತಾಗಲು ಆತನಿಗೆ ಆರು ವಾರ ಬೇಕಾಯಿತು. ಒಂದು ದಿನ ಹೆಂಡತಿ ಬರಿಗಾಲಲ್ಲಿ ಕೊಡ ಹೊತ್ತು ಬರುತ್ತಿದ್ದದ್ದು ಕಣ್ಣಿಗೆ ಬಿತ್ತು. ಕಟ್ಟೆಯ ಮುಂದೆ ನಿಂತು ಆತ ಪ್ರಾರ್ಥನೆ ಹೇಳಿದಾಗ ಊರೆಲ್ಲ ನಕ್ಕಿತು. ಆಕೆಯೂ ನಕ್ಕಳು, ಆಮೇಲೆ ಚಪ್ಪಲಿ ಹಾಕಿಕೊಂಡು ದಾರಿಯುದ್ದಕ್ಕೂ ಬೈದಳು.

ಎಲ್ಲರೂ ಸವೇರಪ್ಪನಷ್ಟು ಧೈರ್ಯಸ್ಥರಲ್ಲ. ತಮ್ಮ ವಸ್ತು ಕಣ್ಣೆದುರಿಗೇ ಇದ್ದರೂ ನೆಲ ನೋಡಿಕೊಂಡು ಮನೆಗೆ ಹೋದವರು ನಮ್ಮೂರಲ್ಲಿ ಬೇಕಾದಷ್ಟು ಜನ. ನಾನು ಅವರನ್ನೆಲ್ಲ ಹೇಡಿಗಳು ಅಂತಿದ್ದೆ. ಅವರ ಬೆನ್ನ ಹಿಂದೆ ಅಲ್ಲ, ಮುಖದ ಮೇಲೇ ಅಂತಿದ್ದೆ.

ನಾನು ಸಂತಿಯಾಗು. ಪಾತ್ರೆ ರಿಪೇರಿಯವನು. ಕೊಡದ ತಗ್ಗು ಎತ್ತುತ್ತೇನೆ, ತೂತಿಗೆ ಬೆಸುಗೆ ಹಾಕುತ್ತೇನೆ, ಹಿತ್ತಾಳೆಗೆ ಕಲಾಯಿ ಹಾಕುತ್ತೇನೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟೆ. ಅದಕ್ಕೆ ಕಾರಣ ನಮ್ಮಪ್ಪನ ಬಲಗೈ. ಗಾರೆ ಕೆಲಸದ ಚಿನ್ನಪ್ಪ ಅಂದರೆ ಸುತ್ತ ಹತ್ತೂರಿಗೆ ಗೊತ್ತು, ಆತ ಸವರಿದ ಗೋಡೆ ಕನ್ನಡಿ ಇದ್ದ ಹಾಗೆ. ಕುಡಿದು ಹೊಡೀತಿದ್ದ ಅಂತ ಹೇಳಿದರೆ ಕೇಳುವವರಿಗೆ ಒಂಥರಾ ಸಮಾಧಾನ. ನಮ್ಮಪ್ಪ ಕುಡಿಯುತ್ತಿರಲಿಲ್ಲ. ಹೊಟ್ಟೆ ತುಂಬ ಉಂಡು, ಬಾಯಿ ಮುಕ್ಕಳಿಸಿ, ಟವಲಲ್ಲಿ ಕೈ ಒರೆಸಿಕೊಂಡು ಬಂದು ಹೊಡೆಯುತ್ತಿದ್ದ. ಅವ್ವನಿಗೂ ಹಾಗೇ, ನನಗೂ ಹಾಗೇ. ನನಗೆ ಹದಿಮೂರು ತುಂಬಿದ ವರ್ಷ ಒಂದು ಮಧ್ಯಾಹ್ನ, ಗಾರೆ ಸವರುವ ಕರಣೆ ತೊಳೆದಿಡಲಿಲ್ಲ ಅಂತ ಬಾರಿಸಿದ್ದು ಎಡಗಿವಿಗೆ ಬಿತ್ತು. ಆ ಕಿವಿ ಇವತ್ತಿಗೂ ಮುಚ್ಚಿಕೊಂಡೇ ಇದೆ. ಮೇಷ್ಟ್ರು ಹೇಳಿದ್ದು ಕೇಳಿಸುತ್ತಿರಲಿಲ್ಲ, ಕೇಳಿಸಲಿಲ್ಲ ಅಂತ ಅವರೂ ಹೊಡೆದರು, ಬಿಟ್ಟೆ.

ಕಿವಿ ಹೋದ ದಿನವೇ ನಾನು ಚರ್ಚಿಗೆ ಓಡಿಹೋಗಿ, ಜ್ಞಾನಸ್ನಾನದ ತೊಟ್ಟಿಯ ಹಿಂದೆ ಕೂತು ಕೇಳಿದೆ: ನಮ್ಮಪ್ಪನ ಬಲಗೈ ಬಿದ್ದುಹೋಗಲಿ. ಅಷ್ಟೇ ಕೇಳಿದ್ದೆ ಅಂತ ಹತ್ತು ವರ್ಷ ನಾನು ನಂಬಿಕೊಂಡಿದ್ದೆ.

ಆ ಭಾನುವಾರ ಎಲ್ಲರಿಗಿಂತ ಮುಂದೆ ಹೋಗಿ ಕಟ್ಟೆಯ ಬುಡದಲ್ಲಿ ನಿಂತೆ. ನಾನು ಕಾಯುತ್ತಿದ್ದದ್ದು ಮಚ್ಚಿಗೆ. ಇಲ್ಲ ಅಂದರೆ ಒಂದು ಗರಗಸಕ್ಕೆ. ಅವತ್ತು ಕಟ್ಟೆ ಹತ್ತಿದವಳು ಇಸ್ತ್ರಿ ಲೂರ್ದಮ್ಮ ಒಬ್ಬಳೇ. ಆಕೆಯ ಕೈಯಲ್ಲಿದ್ದದ್ದು ಒಂದು ಹಿತ್ತಾಳೆ ಒಳಲೆ. ಒಳಲೆ ಗೊತ್ತಲ್ಲ, ಹಸುಗೂಸಿಗೆ ಹಾಲು ಹನಿಸುವ ಕೊಕ್ಕಿನ ಪುಟ್ಟ ಬಟ್ಟಲು.

ಲೂರ್ದಮ್ಮನಿಗೆ ಮದುವೆಯಾಗಿ ಹದಿನೆಂಟು ವರ್ಷ, ಮಕ್ಕಳಿರಲಿಲ್ಲ. ಆ ವಾರ ರಾಗಿ ಮಡಕೆಗೆ ಕೈ ಹಾಕಿದರೆ ಒಳಲೆ ಸಿಕ್ಕಿದೆ. ಆಕೆ ಅದನ್ನು ಎದೆಗೆ ಅವಚಿಕೊಂಡು ಬೀದಿಗೆ ಬಂದು ‘ನಂದು, ನಂದು ಕಣ್ರೇ, ನಂಗ್ ಬಂತು’ ಅಂತ ಕುಣಿದುಬಿಟ್ಟಳಂತೆ. ನಮ್ಮೂರಲ್ಲಿ ಹುಟ್ಟಿ ಬೆಳೆದವಳು. ತನ್ನ ಮನೆಗೆ ಬಂದದ್ದು ತನ್ನದಾಗಿರುವುದಿಲ್ಲ ಅಂತ ಗೊತ್ತಿದ್ದವಳು. ಆದರೂ ಕುಣಿದಳು. ಉಪದೇಶಿಗಳು ಹೋಗಿ, ತಲೆ ಸವರಿ, ‘ಲೂರ್ದಮ್ಮ, ಭಾನುವಾರ ತಗೊಂಡ್ ಬಾ ತಾಯಿ’ ಅಂದು ಬಂದರಂತೆ. ಕಟ್ಟೆ ಮೇಲೆ ಆಕೆಗೆ ‘ನಂದಲ್ಲ’ ಅನ್ನಲು ಆಗಲಿಲ್ಲ. ‘ನಂ... ನಂ...’ ಅಂತ ಎರಡು ಸಲ ತಡವರಿಸಿದಳು.

‘ಒಳಲೆ ಲೂರ್ದಮ್ಮ!’ ಅಂತ ಕೆಳಗಿಂದ ಕೂಗಿದವನು ನಾನು. ನನ್ನ ಮಚ್ಚು ಬರಲಿಲ್ಲ ಅನ್ನೋ ಸಿಟ್ಟು ನನಗೆ. ಹುಡುಗರೆಲ್ಲ ನಕ್ಕರು. ಆ ಹೆಸರು ಅಂಟಿಕೊಂಡಿತು. ಒಂದು ವರ್ಷದಲ್ಲಿ ಉಪದೇಶಿಗಳನ್ನು ಬಿಟ್ಟು ಎಲ್ಲರೂ ಹಾಗೇ ಕರೆಯುತ್ತಿದ್ದರು.

ಆ ಒಳಲೆಯನ್ನು ಯಾರೂ ಕೇಳಲಿಲ್ಲ. ಬಾಣಂತಿಯರು ಹತ್ತಿರ ಬಂದು ನೋಡಿ ಹಿಂದೆ ಸರಿಯುತ್ತಿದ್ದರು, ಯಾಕೆಂದರೆ ಅದರ ಕೊಕ್ಕು ಸೊಟ್ಟ. ನೇರ ಮುಂದಕ್ಕೆ ಬರಬೇಕಾದ ಕೊಕ್ಕು ಪೂರ್ತಿ ಒಂದು ಪಕ್ಕಕ್ಕೆ ತಿರುಗಿತ್ತು. ಯಾವ ಮಗುವಿಗೂ ಅದರಲ್ಲಿ ಕುಡಿಸಲು ಬರುತ್ತಿರಲಿಲ್ಲ. ಲೂರ್ದಮ್ಮ ಅದನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ ಸುತ್ತಿ, ಭಾನುವಾರ ಭಾನುವಾರ ತರುತ್ತಿದ್ದಳು. ಗಂಡ ಸತ್ತ ವಾರವೂ ತಂದಳು. ಹತ್ತು ವರ್ಷ.

ಆ ನಡುವೆ ನಾನು ಅಂಗಡಿ ಹಾಕಿದ್ದು ಆಕೆಯ ಇಸ್ತ್ರಿ ಗಾಡಿಯ ಎದುರಿಗೇ. ಬೆಳಿಗ್ಗೆ ಬಾಗಿಲು ತೆಗೆಯುವಾಗ ‘ಏನ್ ಒಳಲೆ, ಕೆಂಡ ಆಯ್ತಾ?’ ಅಂತ ನಾನೇ ಕೇಳುತ್ತಿದ್ದೆ. ಆಕೆಯ ಇಸ್ತ್ರಿಪೆಟ್ಟಿಗೆಯ ಕೆಂಡದಲ್ಲೇ ನನ್ನ ಒಲೆ ಹಚ್ಚುತ್ತಿದ್ದದ್ದು. ಒಂದು ದಿನವೂ ಆಕೆ ಇಲ್ಲ ಅನ್ನಲಿಲ್ಲ.

ಈ ವರ್ಷ ಈಸ್ಟರಿನ ಹಿಂದಿನ ವಾರ, ಗರಿಗಳ ಭಾನುವಾರ, ನನಗೆ ಏನು ಹಿಡಿದಿತ್ತೋ. ಹಿಂದಿನ ದಿನ ಅಪ್ಪ ಅವ್ವನ ಮೇಲೆ ಕೈ ಎತ್ತಿದ್ದ, ನಾನು ಅಡ್ಡ ಹೋಗಿ ತಿಂದಿದ್ದೆ. ಇಪ್ಪತ್ತಮೂರು ವರ್ಷದ ಗಂಡಸು ನಾನು, ಆ ಕೈ ಎದ್ದರೆ ಈಗಲೂ ತಲೆ ಮುಚ್ಚಿಕೊಂಡು ಮುದುಡುತ್ತೇನೆ. ಆ ಸಿಟ್ಟು ಎಲ್ಲಾದರೂ ಇಳಿಯಬೇಕಿತ್ತು. ಲೂರ್ದಮ್ಮ ಕಟ್ಟೆ ಇಳಿದು ಬರುತ್ತಿದ್ದಂತೆ ಒಳಲೆ ಕಿತ್ತುಕೊಂಡೆ.

‘ಹತ್ ವರ್ಷದಿಂದ ಸೊಟ್ಟ ಮೂತಿ ಇಟ್ಕೊಂಡ್ ಊರು ಸುತ್ತುತ್ತಾ ಐತೆ. ಯಾವನ್ ತಗೋತಾನೆ ಇದನ್ನ? ದೇವ್ರ ಮನೇಲಿ ಅಕ್ಕಸಾಲಿ ಕೈ ನಡುಗಿರ್ಬೇಕು. ತಾ, ನೆಟ್ಟಗ್ ಮಾಡ್ತೀನಿ.’

ಚೀಲದಲ್ಲಿ ಸುತ್ತಿಗೆ ಇತ್ತು. ಕಟ್ಟೆಯ ಕಲ್ಲಿನ ಮೇಲೇ ಇಟ್ಟು ಹೊಡೆದೆ. ಮೂರೇ ಏಟು. ಕೊಕ್ಕು ನೇರವಾಯಿತು.

‘ಬೇಡ ಕಣೋ,’ ಅಂದಳು ಲೂರ್ದಮ್ಮ. ‘ನನ್ನ ಏನ್ ಬೇಕಾದ್ರೂ ಅನ್ನು. ಅದನ್ನ ಹೊಡೀಬೇಡ. ಅದು ನಂದಲ್ಲ.’

ಜನ ನಗಲಿಲ್ಲ. ನಾನೊಬ್ಬನೇ ನಕ್ಕೆ.

ಅದಾಗಿ ಎರಡು ತಿಂಗಳಿಗೆ ಸಮಾಧಿ ತೋಟದ ಗೋಡೆಗೆ ಗಾರೆ ಹಾಕುತ್ತಿದ್ದ ಅಪ್ಪ ನಿಂತಲ್ಲೇ ಕುಸಿದ. ಲಕ್ವ. ಬಲಗೈ, ಬಲಗಾಲು, ಮುಖದ ಬಲಭಾಗ, ಮಾತು, ಎಲ್ಲ ಒಟ್ಟಿಗೆ ಹೋಯಿತು. ನಾಲ್ಕು ಜನ ಹೊತ್ತು ತಂದು ಮಂಚದ ಮೇಲೆ ಮಲಗಿಸಿದರು. ಅವರು ಹೋಗುವವರೆಗೂ ನಾನು ಮೂಲೆಯಲ್ಲಿ ನಿಂತಿದ್ದೆ. ಆಮೇಲೆ ಮಂಚದ ಪಕ್ಕ ಕೂತೆ. ಇದನ್ನು ಬರೆಯಲು ನನ್ನ ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಆ ಬಲಗೈಯನ್ನು ಎರಡು ಬೆರಳಲ್ಲಿ ಎತ್ತಿ, ಬಿಟ್ಟೆ. ಅದು ಒದ್ದೆ ಗೋಣಿಚೀಲದ ಹಾಗೆ ಬಿತ್ತು.

‘ಎತ್ತು,’ ಅಂದೆ. ‘ಈಗ ಎತ್ತು ನೋಡಣ.’

ಇನ್ನೊಂದು ಸಲ ಎತ್ತಿ ಬಿಟ್ಟೆ. ಅಪ್ಪ ನನ್ನನ್ನೇ ನೋಡುತ್ತಿದ್ದ. ಅಡಿಗೆಮನೆ ಬಾಗಿಲಲ್ಲಿ ಅವ್ವ ಸೆರಗು ಕಚ್ಚಿಕೊಂಡು ನಿಂತಿದ್ದಳು. ‘ಸಂತ್ಯಾಗು, ಬೇಡ ಕಣೋ. ಅವರಿಗ್ ಕೇಳಿಸ್ತದೆ,’ ಅಂದಳು. ಅವರಿಗೆ ಕೇಳಿಸಲಿ ಅಂತಲೇ ಅಂದದ್ದು ನಾನು. ದೇವರು ತಡವಾಗಿಯಾದರೂ ನನ್ನ ಮಾತು ನಡೆಸಿದ ಅಂತ ಅವತ್ತು ನನಗೆ ಖಾತ್ರಿಯಾಗಿತ್ತು.

ಮಾರನೇ ದಿನದಿಂದ ಶುರುವಾಯಿತು. ಬಾಯಿಗೆ ಹಾಕಿದ್ದು ಒಂದೂ ಒಳಗೆ ಹೋಗಲಿಲ್ಲ. ಲೋಟದಲ್ಲಿ ಗಂಜಿ ಕುಡಿಸಿದರೆ ಬಲತುಟಿಯಿಂದ ಸೋರಿ ಕತ್ತಿಗೆ ಇಳಿಯುತ್ತಿತ್ತು. ಚಮಚದಲ್ಲಿ ಹಾಕಿದರೆ ನೆತ್ತಿಗೆ ಹತ್ತಿ ಮುಖ ನೀಲಿಯಾಗುತ್ತಿತ್ತು. ಡಾಕ್ಟರು ಬಂದು ಮೂಗಿಗೆ ನಳಿಗೆ ಹಾಕಿ ಹೋದರು. ಅಪ್ಪ ಇದ್ದೊಂದು ಎಡಗೈಯಲ್ಲಿ ಅದನ್ನು ಕಿತ್ತು ಬಿಸಾಕಿದ. ಮತ್ತೆ ಹಾಕಿದರು, ಮತ್ತೆ ಕಿತ್ತ. ‘ನಾಲ್ಕು ದಿನದೊಳಗೆ ಬಾಯಿಂದ ಏನಾದರೂ ಇಳಿಯಬೇಕಪ್ಪ, ಇಲ್ಲ ಅಂದ್ರೆ ಕಷ್ಟ,’ ಅಂದರು ಡಾಕ್ಟರು. ಅವ್ವ ಒದ್ದೆ ಬಟ್ಟೆಯನ್ನು ತುಟಿಗೆ ಹಿಂಡುತ್ತಾ ಕೂತಿದ್ದಳು. ಎರಡು ದಿನದಲ್ಲಿ ಆ ದೊಡ್ಡ ದೇಹ ಮಂಚದೊಳಕ್ಕೆ ಇಳಿದುಹೋಯಿತು. ನಾನು ಬೇಡಿದ್ದು ಕೈ, ಈಗ ಆಳೇ ಹೋಗುತ್ತಿದ್ದ.

ಮೂರನೇ ದಿನ, ಶನಿವಾರ, ನಾನೇ ಕುಡಿಸಲು ಕೂತೆ. ಎಡಗೆನ್ನೆ ಮಾತ್ರ ಅಲ್ಲಾಡುತ್ತದೆ, ಆ ಕಡೆ ಒಳಕ್ಕೆ ಹನಿ ಹನಿ ಬಿಟ್ಟರೆ ನುಂಗುತ್ತಾನೆ ಅಂತ ಗೊತ್ತಾಯಿತು. ಅಂಗಡಿಗೆ ಓಡಿ ಸ್ಟೀಲಿನ ಒಳಲೆ ತಂದೆ. ಅದರ ಕೊಕ್ಕು ನೇರ, ನಾಲಿಗೆಯ ಮೇಲೇ ಸುರಿಯಿತು, ಅಪ್ಪ ಉಸಿರುಗಟ್ಟಿ ಒದ್ದಾಡಿದ. ಕೊಕ್ಕು ಬಗ್ಗಿಸಲು ನೋಡಿದೆ, ತೆಳು ತಗಡು, ಹರಿದುಹೋಯಿತು. ಇನ್ನೊಂದು ತಂದೆ, ಅದೂ ಹರಿಯಿತು. ‘ದಪ್ಪ ಹಿತ್ತಾಳೇದು ಆಗ್ಬೇಕಿತ್ತು ಅವ್ವ,’ ಅಂದೆ ಬೆವರು ಒರೆಸಿಕೊಳ್ಳುತ್ತಾ. ‘ಕೊಕ್ಕು ಹಿಂಗೆ, ಪೂರ್ತಿ ಪಕ್ಕಕ್ಕೆ ತಿರುಗಿರ್ಬೇಕು. ಅಂಥದ್ದನ್ನ ಯಾವನ್ ಮಾಡ್ತಾನೆ?’

ಅಂದದ್ದು ನಾನೇ. ಅಂದ ಮೇಲೆ ಕೈಯಲ್ಲಿದ್ದ ಸುತ್ತಿಗೆ ನೋಡಿದೆ. ಅದೇ ಸುತ್ತಿಗೆ.

ಅವ್ವ ನನ್ನ ಮುಖ ನೋಡಿದಳು. ಆಕೆಗೂ ಹೊಳೆದಿತ್ತು. ‘ಲೂರ್ದಮ್ಮಂದು,’ ಅಂದಳು ಮೆಲ್ಲಗೆ. ಏನಂತ ಕೇಳಿದ್ದೆ ಅಂತ ಮಾತ್ರ ಕೇಳಲಿಲ್ಲ. ಎದ್ದು ಹೋಗಿ ಗಂಜಿ ಪಾತ್ರೆಗೆ ಮುಚ್ಚಳ ಹಾಕಿದಳು.

ಭಾನುವಾರ ಪೂಜೆಯಲ್ಲಿ ನನಗೆ ಒಂದು ಮಾತೂ ಕಿವಿಗೆ ಬೀಳಲಿಲ್ಲ, ಚೆನ್ನಾಗಿರುವ ಕಿವಿಗೂ. ಹೊರಗೆ ಬಂದಾಗ ಲೂರ್ದಮ್ಮ ಆಗಲೇ ಕಟ್ಟೆ ಹತ್ತಿದ್ದಳು. ಆಕೆ ಈಗ ತಡವರಿಸುವುದಿಲ್ಲ. ಹಾಲಿನವಳು ‘ಹಾಲು’ ಅಂದ ಹಾಗೆ ಕೂಗುತ್ತಾಳೆ, ಮೂರನೆಯದನ್ನು ಕೂಗುವಾಗ ಆಗಲೇ ಇಳಿಯಲು ಒಂದು ಕಾಲು ಕೆಳಗಿಟ್ಟಿರುತ್ತಾಳೆ.

‘ನಂದಲ್ಲ. ನಂದಲ್ಲ. ನಂದ...’

‘ನಂದು,’ ಅಂದೆ.

ಮೊದಲು ನಗು ಬಂತು. ‘ಏನಪ್ಪಾ ಸಂತ್ಯಾಗು, ಮದ್ವೆಗ್ ಮುಂಚೇನೇ ಒಳಲೆನಾ?’ ಅಂದ ಗಿರಣಿ ಸವೇರಪ್ಪ. ಲೂರ್ದಮ್ಮ ಮಾತ್ರ ನನ್ನ ಕಡೆ ನೋಡಲೂ ಇಲ್ಲ. ‘ಸಾಕು ಕಣೋ,’ ಅಂದಳು, ‘ನಿಮ್ಮಪ್ಪ ಹಂಗ್ ಮಲಗವ್ನೆ. ಇವತ್ತೊಂದಿನ ನನ್ನ ಬಿಟ್ಬಿಡು.’ ಆಕೆ ಅದನ್ನು ಇನ್ನೊಂದು ಗೇಲಿ ಅಂದುಕೊಂಡಿದ್ದಳು. ಯಾಕೆ ಅಂದುಕೊಳ್ಳಬಾರದು?

‘ಗೇಲಿ ಅಲ್ಲ ಲೂರ್ದಮ್ಮ. ನಂದು ಅದು.’

ಉಪದೇಶಿಗಳು ಕೈಕಟ್ಟಿ ಮುಂದೆ ಬಂದರು. ‘ಏನಂತ ಕೇಳಿದ್ದೆ?’

‘ನಮ್ಮಪ್ಪನ ಬಲಗೈ ಬಿದ್ದೋಗ್ಲಿ ಅಂತ.’

ಯಾರೋ ಹೆಂಗಸು ‘ಅಯ್ಯೋ ಪಾಪಿ’ ಅಂದಳು. ಅಪ್ಪನ ಜೊತೆ ಗಾರೆ ಕಲಸುವ ಇಬ್ಬರು ನನ್ನ ಪಕ್ಕದಿಂದ ದೂರ ಸರಿದರು. ಮುಖ ಉರಿಯುತ್ತಿತ್ತು, ಆದರೂ ಹೇಳಿಯಾಯಿತಲ್ಲ ಅಂತ ಕೈ ಚಾಚಿದೆ. ಲೂರ್ದಮ್ಮ ಕೊಡಲು ನೋಡಿದಳು. ಬೆರಳು ಬರಲಿಲ್ಲ. ಇನ್ನೊಂದು ಕೈಯಿಂದ ಬಿಡಿಸಿ ನೋಡಿದಳು. ‘ಬಿಡ್ತಿಲ್ಲ ಉಪದೇಶಿಗಳೇ.’

‘ಇನ್ನೂ ಇದೆ,’ ಅಂದರು ಅವರು. ‘ಹೇಳು.’

‘ಇಲ್ಲ. ಅಷ್ಟೇ.’

‘ಇದೆ.’

‘ಅಷ್ಟೇ ಅಂದೆನಲ್ಲ!’ ಅಂತ ಕಿರುಚಿದೆ. ‘ನನ್ ಕಿವಿ ಹೋಗಿತ್ತು, ರಕ್ತ ಬರ್ತಿತ್ತು, ಇನ್ನೇನ್ ಕೇಳ್ತಾರೆ? ಕೈ ಬಿದ್ದೋಗ್ಲಿ ಅಂದೆ, ಬಿತ್ತು! ಇನ್ನೇನ್ ಬೇಕು ನಿಮಗೆ?’

ಲೂರ್ದಮ್ಮ ಒಳಲೆ ಹಿಡಿದ ಕೈಯನ್ನು ನನ್ನ ಮುಂದೆ ಚಾಚಿಕೊಂಡೇ ನಿಂತಿದ್ದಳು. ಹತ್ತು ವರ್ಷ ಉಜ್ಜಿ ಉಜ್ಜಿ ಸವೆದ ಹಿತ್ತಾಳೆಯ ಮೇಲೆ ನನ್ನ ಮೂರು ಏಟಿನ ಗುರುತು ಎದ್ದು ಕಾಣುತ್ತಿತ್ತು. ಆಗ ತೊಟ್ಟಿಯ ಹಿಂದಿನ ನೆಲದ ತಂಪು ನೆನಪಾಯಿತು. ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದದ್ದು, ಕೈ ಬಿದ್ದುಹೋಗಲಿ ಅಂದ ತಕ್ಷಣ ಹೆದರಿಕೆಯಾದದ್ದು. ಕೈ ಬಿದ್ದರೆ ಅಪ್ಪ ಊಟ ಹೇಗೆ ಮಾಡುತ್ತಾನೆ? ಅವ್ವ ಕೂಲಿಗೆ ಹೋಗಿರುತ್ತಾಳೆ. ಆವಾಗ ನಾನು ಇನ್ನೊಂದು ಮಾತು ಅಂದಿದ್ದೆ. ಅದನ್ನು ಹೊತ್ತುಕೊಂಡು ಸಿಟ್ಟು ಮಾಡಲು ಆಗುತ್ತಿರಲಿಲ್ಲ, ಅದಕ್ಕೇ ಎಲ್ಲೋ ಬಿಸಾಕಿದ್ದೆ.

‘ಸಾಯೋದ್ ಬೇಡ,’ ಅಂದೆ. ಧ್ವನಿ ನನ್ನದಲ್ಲದ ಹಾಗೆ ಸಣ್ಣಗಿತ್ತು. ‘ಕೈ ಮಾತ್ರ ಬೀಳ್ಲಿ. ಅನ್ನ ನಾನ್ ತಿನ್ನಿಸ್ತೀನಿ. ದಿನಾ ನಾನೇ ತಿನ್ನಿಸ್ತೀನಿ.’

ಲೂರ್ದಮ್ಮನ ಬೆರಳು ಬಿಚ್ಚಿಕೊಂಡವು. ಒಳಲೆ ನನ್ನ ಅಂಗೈಗೆ ಬಿತ್ತು. ಬೆಚ್ಚಗಿತ್ತು.

ಜನ ಚದುರಿದ ಮೇಲೆ ಉಪದೇಶಿಗಳನ್ನು ಕೇಳಿದೆ. ‘ಹಂಗಾದ್ರೆ ಆ ಕೈ ಬೀಳ್ಸಿದ್ದು...’

‘ನಮ್ಮೂರಲ್ಲಿ ಉತ್ತರ ಅಂದ್ರೆ ಯಾವತ್ತಿದ್ರೂ ಒಂದು ವಸ್ತು ಕಣಪ್ಪ. ನಿಂಗ್ ಬಂದಿದ್ದು ಇದೊಂದೇ. ನೀನು ಕೇಳಿ ಒಂದು ವಾರಕ್ಕೇ ಬಂದಿತ್ತು.’ ಅವರು ಜೇಬಿನಿಂದ ಜಪಸರ ತೆಗೆದು ಕೈಗೆ ಸುತ್ತಿಕೊಂಡರು. ‘ನೀನಂದಿದ್ರಲ್ಲಿ ಯಾವ್ದನ್ನ ಕೇಳಿಸ್ಕೋಬೇಕು ಅಂತ ಸರ್ವೇಶ್ವರನಿಗೆ ಗೊತ್ತಿರುತ್ತೆ.’

ದೇವರೇ ಕೈ ಬೀಳಿಸಿದ ಅಂದಿದ್ದರೆ ನನಗೆ ಸುಲಭವಿತ್ತು. ಆತನ ಮೇಲೆ ಸಿಟ್ಟು ಮಾಡಬಹುದಿತ್ತು.

ಲೂರ್ದಮ್ಮ ಬಿಳಿ ಬಟ್ಟೆಯನ್ನು ಮಡಿಚುತ್ತಾ ಅಲ್ಲೇ ನಿಂತಿದ್ದಳು. ಆಕೆಯೇ ಅಂದಳು: ‘ಹತ್ ವರ್ಷ ಹೊತ್ತೆ ಕಣೋ. ಮಗು ಆಗಿದ್ರೆ ಇಷ್ಟೊತ್ಗೆ ಇಳ್ದು ತಾನೇ ನಡ್ಕೊಂಡ್ ಹೋಗ್ತಿತ್ತು.’ ನಕ್ಕಳು. ಆ ನಗು ನೋಡಲಾಗಲಿಲ್ಲ. ‘ನಡಿ. ಕೆಂಡ ಮಾಡ್ತೀನಿ. ಆ ಕೊಕ್ಕು ಹೆಂಗ್ ಕೆಡಿಸ್ದೋ ಹಂಗೇ ಸೊಟ್ಟ ಮಾಡು.’

ಭಾನುವಾರ ಗಾಡಿ ತೆಗೆಯದವಳು ಅವತ್ತು ಕೆಂಡ ಹಚ್ಚಿದಳು. ನಾನು ತಿದಿ ಒತ್ತಿದೆ. ಹಿತ್ತಾಳೆಯನ್ನು ಕೆಂಪಗೆ ಕಾಯಿಸಿ ಆರಲು ಬಿಟ್ಟರೆ ಮೆತ್ತಗಾಗುತ್ತದೆ, ಆಮೇಲೆ ಸುತ್ತಿಗೆ ಬೇಡ, ಬೆರಳು ಸಾಕು. ಹೆಬ್ಬೆರಳಿಟ್ಟು ಒಂದೊಂದು ಕೂದಲೆಳೆಯಷ್ಟು ತಿರುಗಿಸಿದೆ. ಎಷ್ಟು ತಿರುಗಿಸಬೇಕು ಅಂತ ನನಗೆ ನೆನಪಿರಲಿಲ್ಲ. ಲೂರ್ದಮ್ಮನಿಗೆ ನೆನಪಿತ್ತು. ‘ಇನ್ನೊಂಚೂರು. ಇನ್ನೊಂಚೂರು. ಹ್ಞಾ,’ ಅಂದಳು ಕಣ್ಣು ಮುಚ್ಚಿ, ಬೆರಳಾಡಿಸಿ ನೋಡಿ. ಒಳಗೆ ಹೊಸದಾಗಿ ಕಲಾಯಿ ಹಾಕಿದೆ. ಆ ಹೊಗೆಯಲ್ಲಿ ನಿಂತು, ಆಕೆಯದೂ ಏನೋ ಒಂದು ಎಲ್ಲೋ ಯಾರ ಮನೆಯಲ್ಲೋ ಬಿದ್ದಿರಬೇಕು, ಯಾವನೋ ನನ್ನಂಥವನು ಅದನ್ನು ಕಟ್ಟೆಗೆ ತರದೆ ಬಳಸಿಕೊಂಡಿರಬೇಕು ಅನ್ನಿಸಿತು. ಈಗ ಶನಿವಾರ ಶನಿವಾರ ನನ್ನ ಅಂಗಡಿಯ ಒಂದೊಂದು ಡಬ್ಬ ಬಗ್ಗಿಸಿ ನೋಡುತ್ತೇನೆ. ಇನ್ನೂ ಏನೂ ಸಿಕ್ಕಿಲ್ಲ.

ಮನೆಗೆ ಹೋದಾಗ ಅಪ್ಪ ಎಚ್ಚರವಾಗಿದ್ದ. ಅಷ್ಟರಲ್ಲಿ ಯಾರೋ ಬಂದು ಎಲ್ಲ ಹೇಳಿ ಹೋಗಿದ್ದರು, ಅವ್ವನ ಮುಖದಲ್ಲೇ ಗೊತ್ತಾಯಿತು. ಅಪ್ಪನಿಗೂ ಕೇಳಿಸಿತ್ತು. ಅವನು ನನ್ನನ್ನು ನೋಡಿದ, ನಾನು ಒಳಲೆಯನ್ನು ನೋಡಿದೆ. ಅವ್ವ ಗಂಜಿಯ ತಿಳಿ ಬಸಿದು ಕೊಟ್ಟಳು. ನನ್ನ ಜೊತೆಗೇ ಬಂದಿದ್ದ ಲೂರ್ದಮ್ಮ ಅಪ್ಪನ ತಲೆಯ ಕೆಳಗೆ ಕೈ ಕೊಟ್ಟು ಎತ್ತಿ ಹಿಡಿದಳು. ಎದುರಿಗೆ ಕೂತು ಕೊಕ್ಕನ್ನು ಎಡಗೆನ್ನೆಯ ಒಳಕ್ಕೆ ಸರಿಸಿದೆ. ಎಷ್ಟು ಸರಿಯಾಗಿ ಕೂತಿತು ಅಂದರೆ, ಆ ಬಾಯಿಗೆ ಅಳತೆ ತೆಗೆದೇ ಮಾಡಿದ ಹಾಗೆ. ಒಂದು ಹನಿ ಬಿಟ್ಟೆ. ಗಂಟಲು ಅಲ್ಲಾಡಿತು. ಇನ್ನೊಂದು. ಅದೂ ಇಳಿಯಿತು. ಅವ್ವ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಆರನೇ ಗುಟುಕಿಗೋ ಏಳನೆಯದಕ್ಕೋ ಅಪ್ಪನ ಎಡಗೈ ಮೇಲೆದ್ದಿತು.

ನಾನು ತಲೆ ಮುಚ್ಚಿಕೊಂಡು ಮುದುಡಿದೆ. ಯೋಚನೆ ಮಾಡಿ ಮಾಡಿದ್ದಲ್ಲ, ಮೈ ತಾನೇ ಮಾಡಿತು. ಗಂಜಿ ಅವನ ಎದೆ ಮೇಲೆಲ್ಲ ಚೆಲ್ಲಿತು. ಆ ಕೋಣೆಯಲ್ಲಿ ಇದ್ದವರೆಲ್ಲ ಅದನ್ನು ನೋಡಿದರು. ಅಪ್ಪನೂ ನೋಡಿದ. ಮೊದಲ ಸಲ ನೋಡಿದ ಅಂತ ಕಾಣುತ್ತದೆ, ಹೊಡೆಯುವವನಿಗೆ ಅಷ್ಟು ನಿಧಾನವಾಗಿ ಅದು ಕಾಣಿಸುವುದಿಲ್ಲವಲ್ಲ. ಎಡಗೈ ಗಾಳಿಯಲ್ಲೇ ನಿಂತಿತು. ಆಮೇಲೆ, ಗೋಡೆಗೆ ಕೊನೆಯ ಗಾರೆ ಸವರುವಾಗ ಇಳಿಸುತ್ತಿದ್ದನಲ್ಲ, ಅಷ್ಟೇ ಮೆಲ್ಲಗೆ ಕೆಳಗಿಳಿದು, ಒಳಲೆ ಹಿಡಿದ ನನ್ನ ಕೈಯನ್ನು ಸುತ್ತಿ ಹಿಡಿಯಿತು. ಅವನು ಕೈ ಎತ್ತಿದ್ದು ಅದಕ್ಕೇ. ಬಾಯೊಳಗೆ ಕೊಕ್ಕು ಒಂಚೂರು ವಾರೆಯಾಗಿತ್ತು.

ನಾನು ತಲೆ ತಗ್ಗಿಸಿಕೊಂಡೇ ಮತ್ತೆ ಗಂಜಿ ತುಂಬಿದೆ.